ಹಿಮಯುಗದ ಹವೆಯನ್ನು ತಿಳಿಸುವ ಗಾಳಿಮಣ್ಣು

ಬಾವಿ ತೋಡುವಾಗ ಮಣ್ಣಿನ ಪದರುಗಳು ಒಂದರ ಕೆಳಗೊಂದು ಕಂಡುಬರುವುದು ರೈತರೆಲ್ಲರಿಗೂ ತಿಳಿದ ವಿಷಯ. ಪ್ರತಿ ಪದರಿನ ಬಣ್ಣ, ಕಣಗಳ ಗಾತ್ರ ಮತ್ತು ಸುಣ್ಣದ ಅಂಶ ಆ ಮಣ್ಣು ಹೇಗೆ ಉಂಟಾಯಿತೆಂಬುದನ್ನು ತಿಳಿಸುತ್ತವೆ. ಇದೇ ವಿಧಾನದಿಂದ ಲಕ್ಷಾಂತರ ವರ್ಷಗಳ ಹಿಂದಿನ ಮಳೆ, ಚಳಿ, ಗಾಳಿಗಳನ್ನೂ ತಿಳಿಯಬಹುದು. ಚೀನಾ ದೇಶದ ಲೋಯಸ್ ಪ್ರಸ್ಥಭೂಮಿ ಇದಕ್ಕೆ ಉತ್ತಮ ಉದಾಹರಣೆ.

ಲೋಯಸ್ ಎಂದರೇನು?

ಗಾಳಿ ಹೊತ್ತು ತಂದು ಹಾಕಿದ ನಯವಾದ ಹಳದಿ ಮಣ್ಣಿಗೆ ಲೋಯಸ್ ಎಂದು ಹೆಸರು. ಇದರ ಕಣಗಳು ಮರಳಿಗಿಂತ ಸಣ್ಣವು, ಜೇಡಿಗಿಂತ ದಪ್ಪನೆಯವು. ಹೆಚ್ಚಿನವು 0.01ರಿಂದ 0.05 ಮಿಲಿಮೀಟರ್ ಗಾತ್ರದವು. ಚೀನಾದ ಉತ್ತರ ಮತ್ತು ವಾಯವ್ಯದ ಮರುಭೂಮಿಗಳಿಂದ ಈ ಧೂಳು ಹಾರಿಬಂದಿದೆ. ಮರುಭೂಮಿಗೆ ಹತ್ತಿರವಿರುವ ಕಡೆ ಕಣಗಳು ದಪ್ಪ. ಆಗ್ನೇಯಕ್ಕೆ ಹೋದಂತೆ ನಯ. ಶಾನ್‌ಶಿ ಪ್ರಾಂತದ ಲುವೊಚುವಾನ್ ಎಂಬಲ್ಲಿ ಇದು ಸುಮಾರು 130 ಮೀಟರ್ ದಪ್ಪವಾಗಿ ಶೇಖರವಾಗಿದೆ. ಇದರ ಬುಡದ ವಯಸ್ಸು ಸುಮಾರು 26 ಲಕ್ಷ ವರ್ಷ.

ಹಳದಿ ಪದರು, ಕೆಂಪು ಪದರು

ಈ ಮಣ್ಣಿನ ಕಡಿದಾದ ಕಮರಿಗಳಲ್ಲಿ ಹಳದಿ ಪದರುಗಳ ನಡುನಡುವೆ ಕೆಂಪು-ಕಂದು ಪದರುಗಳು ಕಾಣುತ್ತವೆ. ಇಂಥ ಕೆಂಪು ಪದರುಗಳು ಮೂವತ್ತಕ್ಕೂ ಹೆಚ್ಚಿವೆ. ಇವು ಹಿಂದೊಮ್ಮೆ ಹುಲ್ಲು, ಗಿಡ ಬೆಳೆದಿದ್ದ ಮೇಲ್ಮಣ್ಣುಗಳು. ಅನಂತರ ಧೂಳಿನಡಿ ಹೂತುಹೋದವು.

ಹಿಮಯುಗದಲ್ಲಿ ಚಳಿಗಾಲದ ಗಾಳಿ ಬಲವಾಗಿ ಬೀಸುತ್ತಿತ್ತು. ಬೇಸಿಗೆಯ ಮುಂಗಾರು ಕ್ಷೀಣಿಸಿತ್ತು. ಧೂಳು ಬೇಗ ಬೇಗ ಬಿದ್ದು ಹಳದಿ ಪದರುಗಳಾದವು. ಬೆಚ್ಚನೆಯ ಕಾಲದಲ್ಲಿ ಧೂಳು ಕಡಿಮೆಯಾಯಿತು, ಮಳೆ ಹೆಚ್ಚಿತು, ಸಸ್ಯಗಳು ಬೆಳೆದವು. ಖನಿಜಗಳಲ್ಲಿದ್ದ ಕಬ್ಬಿಣ ಬಿಡುಗಡೆಯಾಗಿ ಮಣ್ಣು ಕೆಂಪಾಯಿತು. ಮಳೆನೀರು ಸುಣ್ಣವನ್ನು ಕರಗಿಸಿ ಕೆಳಗಿಳಿಸಿತು. ಆದ್ದರಿಂದಲೇ ಅನೇಕ ಕೆಂಪು ಪದರುಗಳ ಕೆಳಗೆ ಸುಣ್ಣದ ಹರಳುಗಳು ಸಿಗುತ್ತವೆ.

ಪರೀಕ್ಷೆ ಹೇಗೆ?

1. ಕಣಗಳ ಗಾತ್ರ: ಕಣ ದಪ್ಪನಾದಷ್ಟೂ ಅಂದಿನ ಗಾಳಿ ಬಲವಾಗಿತ್ತೆಂದು ಅರ್ಥ.

2. ಕಾಂತಗುಣ: ಮಣ್ಣು ಪಕ್ವವಾಗುವಾಗ ಕಾಂತಗುಣವುಳ್ಳ ಅತಿ ಸಣ್ಣ ಕಬ್ಬಿಣದ ಖನಿಜಗಳು ಉಂಟಾಗುತ್ತವೆ. ಆದ್ದರಿಂದ ಕೆಂಪು ಪದರುಗಳಲ್ಲಿ ಈ ಗುಣ ಹೆಚ್ಚು.

3. ಬಸವನಹುಳುಗಳ ಚಿಪ್ಪು: ಕೆಲವು ಜಾತಿಗಳು ಶೀತ, ಒಣ ಹವೆಯವು, ಕೆಲವು ತೇವದ ಹವೆಯವು.

4. ವಯಸ್ಸು: ಭೂಮಿಯ ಕಾಂತಧ್ರುವಗಳು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ ಅದಲುಬದಲಾದ ಗುರುತು ಈ ಮಣ್ಣಿನಲ್ಲಿ ಉಳಿದಿದೆ. ಫ್ರೀಡ್ರಿಶ್ ಹೆಲ್ಲರ್ ಮತ್ತು ಲಿಯು ತುಂಗ್‌ಶೆಂಗ್ ಎಂಬ ವಿಜ್ಞಾನಿಗಳು 1982ರಲ್ಲಿ ಇಂಥ ಗುರುತುಗಳಿಂದ ಲುವೊಚುವಾನ್ ಪದರುಗಳ ವಯಸ್ಸನ್ನು ಪ್ರಕಟಿಸಿದರು.

ಗಳಿಕೆ ನಿಧಾನ, ನಷ್ಟ ಶೀಘ್ರ

130 ಮೀಟರ್ ಮಣ್ಣಿಗೆ 26 ಲಕ್ಷ ವರ್ಷವೆಂದರೆ, ಸರಾಸರಿ 1,000 ವರ್ಷಕ್ಕೆ 5 ಸೆಂಟಿಮೀಟರ್, ಅಂದರೆ ಸುಮಾರು ಮೂರು ಬೆರಳಗಲ. ಈ ಲೆಕ್ಕದಲ್ಲಿ 1 ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೆ 20 ವರ್ಷಗಳ ಗಳಿಕೆ ಹೋದಂತೆ. ಒಂದು ಹೆಕ್ಟೇರಿಗೆ ಇದು ಸುಮಾರು 13 ಟನ್ ಆಗುತ್ತದೆ.

ಲೋಯಸ್ ಮಣ್ಣು ಫಲವತ್ತಾದದ್ದು, ಉಳುಮೆಗೆ ಹಗುರ; ಆದರೆ ನೀರಿಗೆ ಬೇಗ ಕರಗುತ್ತದೆ. ಇಳಿಜಾರುಗಳಲ್ಲಿ ಕಾಡು, ಹುಲ್ಲು ತೆಗೆದು ಉತ್ತುದರಿಂದ ಆಳವಾದ ಕೊರಕಲುಗಳು ಬಿದ್ದವು. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹಳದಿ ನದಿಯು ವರ್ಷಕ್ಕೆ ಸುಮಾರು 160 ಕೋಟಿ ಟನ್ ಮಣ್ಣು ಹೊರುತ್ತಿತ್ತು. ಮೆಟ್ಟಿಲು ಹೊಲಗಳು, ತಡೆ ಅಣೆಗಳು, 1999ರಿಂದ ಕಡಿದಾದ ಇಳಿಜಾರುಗಳಲ್ಲಿ ಬೇಸಾಯ ಬಿಟ್ಟು ಮರ, ಹುಲ್ಲು ಬೆಳೆಸಿದ ಕ್ರಮ ಹಾಗೂ ನದಿಯ ಜಲಾಶಯಗಳಿಂದಾಗಿ 2000ದ ನಂತರ ಇದು ಸರಾಸರಿ 30 ಕೋಟಿ ಟನ್ನಿಗಿಂತ ಕಡಿಮೆಯಾಗಿದೆ.

ನಮ್ಮ ರೈತರಿಗೆ

ನಮ್ಮ ದೇಶದಲ್ಲಿ ಕಾಶ್ಮೀರದ ಕರೇವಾ ದಿಬ್ಬಗಳ ಮೇಲೆ ಲೋಯಸ್ ಇದೆ. ಪಾಂಪೋರಿನ ಕೇಸರಿ ಬೆಳೆಯುವುದು ಇಂಥ ದಿಬ್ಬಗಳಲ್ಲೇ. ಕರ್ನಾಟಕದ ಮಣ್ಣುಗಳು ಬಹುಪಾಲು ಬಂಡೆ ಶಿಥಿಲವಾಗಿ ಆದವು. ಆದರೂ ಪದರು ಓದುವ ಕ್ರಮ ಒಂದೇ. ಕೃಷಿ ಹೊಂಡ ತೋಡಿದಾಗ ಅದರ ಗೋಡೆಯನ್ನು ಗಮನಿಸಬೇಕು: ಮೇಲ್ಮಣ್ಣು ಎಷ್ಟು ಆಳವಿದೆ, ಸುಣ್ಣ ಎಲ್ಲಿ ತೊಡಗುತ್ತದೆ, ಬೇರು ಎಲ್ಲಿಯವರೆಗೆ ಇಳಿದಿದೆ ಎಂದು ಬರೆದಿಡುವುದು ಒಳ್ಳೆಯದು. ಮೇಲ್ಮಣ್ಣು ತೆಳುವಾಗಿದ್ದರೆ ಬದು ಹಾಕುವುದನ್ನೂ ಇಳಿಜಾರಿಗೆ ಅಡ್ಡಲಾಗಿ ಉಳುವುದನ್ನೂ ಮುಂದೂಡಬಾರದು. ಹೋದ ಮಣ್ಣನ್ನು ಪ್ರಕೃತಿ ಮತ್ತೆ ಕೊಟ್ಟೀತು, ಆದರೆ ಒಬ್ಬ ರೈತನ ಆಯುಷ್ಯದಲ್ಲಿ ಅಲ್ಲ.