ಎರಡು ಫ್ರಾಂಕಿನ ಇಸವಿಗೆ ಎರಡು ಅಂಚು

ನನ್ನ ಬಳಿ 1940ರ ದಶಕದ ಒಂದು ಸ್ವಿಸ್ ಎರಡು ಫ್ರಾಂಕ್ ನಾಣ್ಯವಿದೆ. ಒಂದು ಬದಿಯಲ್ಲಿ 22 ನಕ್ಷತ್ರಗಳ ನಡುವೆ ಈಟಿ, ಗುರಾಣಿ ಹಿಡಿದು ನಿಂತ, ಸ್ವಿಟ್ಜರ್ಲೆಂಡಿನ ಸ್ತ್ರೀರೂಪವಾದ ಹೆಲ್ವೇಷಿಯಾ (1983ರಿಂದ ನಕ್ಷತ್ರಗಳು 23 ಆದವು, ಜೂರಾ ಹೊಸ ಪ್ರಾಂತ್ಯವಾಗಿ ಸೇರಿತ್ತು). ಇನ್ನೊಂದು ಬದಿಯಲ್ಲಿ ಎಲೆಗಳ ಹಾರ, ಬೆಲೆ, ಇಸವಿ, ಕೆಳಗೆ ಬರ್ನ್ ಟಂಕಸಾಲೆಯ ‘ಬಿ’. ಇಸವಿಯ ಅಂಕಿಗಳಿಗೂ ಆ ‘ಬಿ’ಗೂ ಪಕ್ಕದಲ್ಲೇ ಇನ್ನೊಂದು ಅಂಚು ಕಾಣುತ್ತದೆ. ಶಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನ ಮನೆಯಲ್ಲಿ ಕೂತು ಅದರ ಕಾರಣ ಹುಡುಕುವಾಗ ಕಲಿತದ್ದನ್ನು, ಈ ಹವ್ಯಾಸಕ್ಕೆ ಹೊಸದಾಗಿ ಬಂದವರಿಗೆಂದು ಬರೆಯುತ್ತಿದ್ದೇನೆ.

1. ಬೆಲೆಗಿಂತ ಮೊದಲು ಕಾರಣ

ಅಮೆರಿಕದಲ್ಲಿ ನಾಣ್ಯ ಕೂಡಿಡುವವರೆಲ್ಲ 1955ರ ಒಂದು ಸೆಂಟಿನ ಕಥೆ ಕೇಳಿರುತ್ತಾರೆ. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒಂದು ಅಚ್ಚಿನ ಮೇಲೆಯೇ ಚಿತ್ರ ಎರಡು ಸಲ, ಸ್ವಲ್ಪ ತಿರುಗಿ ಕೂತಿತ್ತು. ಆ ಅಚ್ಚಿನಿಂದ ಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳು ಜನರ ಕೈ ಸೇರಿದವು. ಇವತ್ತಿಗೂ ಅವಕ್ಕೆ ದೊಡ್ಡ ಬೆಲೆ. ನನ್ನ ತಲೆಯಲ್ಲಿ ಇದೊಂದೇ ಕಥೆ ಇತ್ತು. ಆದ್ದರಿಂದ ಸ್ವಿಸ್ ನಾಣ್ಯದಲ್ಲಿ ಎರಡನೇ ಅಂಚು ಕಂಡ ಕೂಡಲೇ ‘ಡಬಲ್ ಡೈ’ ಎಂದು ಲಕೋಟೆಯ ಮೇಲೆ ಬರೆದುಬಿಟ್ಟೆ. ಒಮ್ಮೆ ಹಾಗೆ ಬರೆದ ಮೇಲೆ ಕಣ್ಣು ಅದಕ್ಕೆ ಒಪ್ಪುವ ಗುರುತುಗಳನ್ನಷ್ಟೇ ಹುಡುಕತೊಡಗಿತು. ಈಗ ಮೊದಲು ಪೆನ್ಸಿಲ್ಲಿನಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ, ಹೆಸರಿಡುವುದು ಆಮೇಲೆ.

2. ಲೋಹ ಸೇರಿದೆಯೋ, ಸರಿದಿದೆಯೋ?

ಇದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಅಚ್ಚು ತಯಾರಿಸಲು ಚಿತ್ರ ಉಬ್ಬಿದ ‘ಹಬ್’ ಅನ್ನು ಮೆದು ಉಕ್ಕಿನೊಳಗೆ ಒತ್ತುತ್ತಿದ್ದರು. ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡದಿದ್ದರೆ ಉಕ್ಕನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತುವುದು. ಎರಡನೇ ಸಲ ಕೂದಲೆಳೆಯಷ್ಟು ಆಚೀಚೆಯಾದರೆ ಅಚ್ಚಿನಲ್ಲೇ ಎರಡು ಚಿತ್ರ. ಅಂಥ ಅಚ್ಚಿನ ನಾಣ್ಯದಲ್ಲಿ ಎರಡೂ ಗೆರೆಗಳು ದುಂಡಗೆ ಉಬ್ಬಿರುತ್ತವೆ, ಅಕ್ಷರದ ಮೂಲೆಗಳಲ್ಲಿ ಸೀಳು ಕಾಣುತ್ತದೆ, ಒಟ್ಟಾರೆ ಅಕ್ಷರ ಅಗಲವಾಗುತ್ತದೆ.

ಯಂತ್ರದ ಸಡಿಲಿನಿಂದ ಬರುವುದು ಬೇರೆ ಬಗೆ. ನಾಣ್ಯದ ಮೇಲೆ ಚಿತ್ರ ಸರಿಯಾಗಿಯೇ ಮೂಡಿರುತ್ತದೆ. ಅಚ್ಚು ಬಿಟ್ಟೇಳುವ ಕ್ಷಣದಲ್ಲಿ ಅದುರಿ ಪಕ್ಕಕ್ಕೆ ಸರಿದು, ಆಗಷ್ಟೇ ಮೂಡಿದ ಉಬ್ಬಿನ ಒಂದು ಬದಿಯನ್ನು ತುಳಿದು ಚಪ್ಪಟೆ ಮಾಡುತ್ತದೆ. ಅಲ್ಲೊಂದು ತಗ್ಗಾದ, ಹೊಳೆಯುವ ಮೆಟ್ಟಿಲು ಉಳಿಯುತ್ತದೆ. ಇಲ್ಲಿ ಹೊಸ ಗೆರೆ ಸೇರಿರುವುದಿಲ್ಲ. ಮೊದಲಿನ ಗೆರೆಯೇ ಚಪ್ಪಟೆಯಾಗಿ ಸಣ್ಣಗಾಗಿರುತ್ತದೆ.

ಈ ವ್ಯತ್ಯಾಸವನ್ನು ಓದಿ ತಿಳಿದಿದ್ದೆ, ಆದರೆ ನೋಡಲು ಬರುತ್ತಿರಲಿಲ್ಲ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನಾಣ್ಯವನ್ನು ನಿಧಾನಕ್ಕೆ ಓರೆ ಮಾಡಿದಾಗ, ನನ್ನ ಎರಡನೇ ಅಂಚು ಒಮ್ಮೆಲೇ ಇಡಿಯಾಗಿ ಮಿನುಗಿ ಆರಿತು. ದುಂಡಗಿನ ಉಬ್ಬಾದರೆ ಬೆಳಕು ಅದರ ಮೇಲೆ ಹರಿದು ಹೋಗಬೇಕಿತ್ತು. ಇದು ಚಪ್ಪಟೆ. ಅಂಕಿಗಳ ಮೈಯೂ ಅದೇ ಬದಿಯಲ್ಲಿ ತೆಳ್ಳಗಾಗಿತ್ತು.

3. ವಿಭೂತಿ ದೂರವಿರಲಿ

ಮನೆಯಲ್ಲಿ ಬೆಳ್ಳಿ ದೀಪ, ಬಟ್ಟಲು ಕಪ್ಪಾದರೆ ವಿಭೂತಿ ಹಾಕಿ ಉಜ್ಜುವುದನ್ನು ನೋಡಿ ಬೆಳೆದವನು ನಾನು. 1967ರವರೆಗೆ ಈ ಎರಡು ಫ್ರಾಂಕ್ ಶೇ. 83.5 ಬೆಳ್ಳಿಯದು, ತೂಕ 10 ಗ್ರಾಂ. ನಾನು ಇದಕ್ಕೂ ಅದನ್ನೇ ಮಾಡಿದೆ. ಟಂಕಿಸುವಾಗ ಲೋಹ ಹರಿದ ಸೂಕ್ಷ್ಮ ಗೆರೆಗಳು ಮೇಲ್ಮೈಯಲ್ಲಿ ಇರುತ್ತವೆ. ಅಚ್ಚು ಸವೆದು ಅಕ್ಷರ ಊದಿಕೊಂಡದ್ದೋ, ಯಂತ್ರ ತುಳಿದದ್ದೋ ಎಂದು ಹೇಳಲು ಅವೇ ಸಾಕ್ಷಿ. ಹೆಲ್ವೇಷಿಯಾ ಇರುವ ಬದಿಯಲ್ಲಿ ಆ ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದೆ. ಆ ಬದಿಯ ಬಗ್ಗೆ ಈಗ ಏನೂ ಹೇಳಲಾರೆ, ಇನ್ನು ಮುಂದೆಯೂ ಆಗದು. ಊರಿನಿಂದ ತಂದ ತಾಮ್ರದ ಕಾಸುಗಳಿಗೆ ಹುಣಸೆಹಣ್ಣು ಹಚ್ಚುವವರಿಗೂ ಇದೇ ಮಾತು.

4. ಒಂದೇ ದೀಪ

ಅಡುಗೆಮನೆಯ ಚಾವಣಿ ದೀಪಗಳ ಕೆಳಗೆ ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ಎಲ್ಲ ಅಕ್ಷರಗಳೂ ಜೋಡಿಯಾಗಿ ಕಂಡಿದ್ದವು. ಎರಡು ದೀಪಕ್ಕೆ ಎರಡು ನೆರಳು, ಅಷ್ಟೇ. ಉಳಿದ ದೀಪ ಆರಿಸಿ, ಒಂದನ್ನು ಮಾತ್ರ ಪಕ್ಕದಿಂದ ತಗ್ಗಾಗಿ ಬೀಳಿಸಿ.

5. ಶ್ರೀರಂಗಪಟ್ಟಣದ ನಾಣ್ಯ ಬೇರೆ, ಬರ್ನ್ ನಾಣ್ಯ ಬೇರೆ

ಟಿಪ್ಪುವಿನ ಆನೆಯ ಪೈಸೆಗಳಿಂದ ಈ ಹವ್ಯಾಸ ಹಿಡಿದವನಿಗೆ ಜೋಡಿ ಗೆರೆ ಎಂದರೆ ಎರಡನೇ ಸುತ್ತಿಗೆ ಏಟು ಎಂದೇ ಅಭ್ಯಾಸ. ಕೈಯಲ್ಲಿ ಟಂಕಿಸಿದ ಆ ನಾಣ್ಯಗಳಲ್ಲಿ ಬಿಲ್ಲೆ ಏಟುಗಳ ನಡುವೆ ಸರಿದು, ಆನೆಯ ಬೆನ್ನು ಎರಡಾಗುವುದುಂಟು. ಆ ಕಾರಣವನ್ನೇ ಸ್ವಿಸ್ ನಾಣ್ಯಕ್ಕೂ ಹಚ್ಚಿ ದಾರಿ ತಪ್ಪಿದೆ. ಸರಿದ ಬಿಲ್ಲೆಗೆ ಮತ್ತೊಂದು ಏಟು ಬಿದ್ದರೆ ಸಾಮಾನ್ಯವಾಗಿ ಎರಡೂ ಮುಖಗಳಲ್ಲಿ, ಇಡೀ ಚಿತ್ರದ ಉದ್ದಕ್ಕೂ ಅದರ ಗುರುತು ಇರಬೇಕು. ನನ್ನದರಲ್ಲಿ ಹಾರದ ಎಲೆಗಳು ಸ್ವಚ್ಛವಾಗಿವೆ.

6. ಜೊತೆ ನಾಣ್ಯ ಹುಡುಕಿ

ಈ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಅಮೆರಿಕದ ನಾಣ್ಯಶಾಸ್ತ್ರ ಸಂಘ 1891ರಲ್ಲಿ ಹುಟ್ಟಿದ್ದೇ ಶಿಕಾಗೋದಲ್ಲಿ. ಅದರ ದೊಡ್ಡ ಮೇಳ ಎಷ್ಟೋ ಸಲ ಹತ್ತಿರದ ರೋಸ್‌ಮಾಂಟ್‌ನಲ್ಲೇ ನಡೆದಿದೆ. ಅಂಥ ಮೇಳದಲ್ಲಿ ಹಿರಿಯ ಸಂಗ್ರಾಹಕರೊಬ್ಬರು ನನ್ನ ನಾಣ್ಯ ನೋಡಿ ತೀರ್ಪು ಕೊಡಲಿಲ್ಲ. “ಇದೇ ಇಸವಿಯ ಇನ್ನಷ್ಟು ನಾಣ್ಯ ನೋಡಿ” ಎಂದರು. ದೋಷ ಅಚ್ಚಿನಲ್ಲಿದ್ದರೆ ಆ ಅಚ್ಚಿನ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಬರುತ್ತದೆ. ಯಂತ್ರದ್ದಾದರೆ ಏಟಿನಿಂದ ಏಟಿಗೆ ಬದಲಾಗುತ್ತದೆ. ಅಗ್ಗದ ಡಬ್ಬಗಳಲ್ಲಿ ಹುಡುಕಿ ತಂದವುಗಳಲ್ಲಿ ಒಂದರ ಅಂಕಿಗಳಿಗೆ ಮೆಟ್ಟಿಲು ಇನ್ನೊಂದು ದಿಕ್ಕಿಗೆ, ಇನ್ನೊಂದರಲ್ಲಿ ‘ಬಿ’ಗೆ ಮಾತ್ರ, ಉಳಿದವುಗಳಲ್ಲಿ ಏನೂ ಇಲ್ಲ. ಅವೆಲ್ಲ ಒಂದೇ ಅಚ್ಚಿನವು ಎನ್ನಲಾರೆ. ಆದರೂ ಚಪ್ಪಟೆ ಮೆಟ್ಟಿಲಿನ ಜೊತೆ ಈ ಚದುರಿದ ಗುರುತುಗಳನ್ನು ಇಟ್ಟು ನೋಡಿ, ಲಕೋಟೆಯ ಮೇಲಿನ ‘ಡಬಲ್ ಡೈ’ ಹೊಡೆದು ಹಾಕಿದೆ. ಈಗ ಅಲ್ಲಿ ಹೀಗಿದೆ: “ಇಸವಿ, ‘ಬಿ’: ಯಂತ್ರದ ಅದುರು. ಹೆಲ್ವೇಷಿಯಾ ಬದಿ: ಉಜ್ಜಲಾಗಿದೆ, ತೀರ್ಮಾನವಿಲ್ಲ.”