ಗೇಟಿನ ಬಳಿಯ ಲಾಜರ



ಸಂತ ಲೂಕನ ಶುಭಸಂದೇಶದಲ್ಲಿ ಬರುವ ಧನಿಕ ಮತ್ತು ಲಾಜರನ ಸಾಮತಿಯನ್ನು (16:19-31) ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಈಗ ಬೈಬಲನ್ನು ಕೈಗೆತ್ತಿಕೊಂಡು ಆ ಭಾಗವನ್ನು ಮತ್ತೊಮ್ಮೆ ನಿಧಾನವಾಗಿ ಓದಿ, ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಆ ಧನಿಕನು ಮಾಡಿದ ಪಾಪ ಯಾವುದು? ಅವನು ಕದ್ದನೇ? ಲಾಜರನನ್ನು ಹೊಡೆಸಿದನೇ? ಬಾಗಿಲಿನಿಂದ ಅಟ್ಟಿಸಿದನೇ? ಲೂಕನು ಇದಾವುದನ್ನೂ ಬರೆದಿಲ್ಲ. ಆ ಮನುಷ್ಯ ಒಳ್ಳೆಯ ಬಟ್ಟೆ ಉಟ್ಟ, ದಿನವೂ ಚೆನ್ನಾಗಿ ಉಂಡ, ಒಂದು ದಿನ ಸತ್ತ. ಅವನ ಬಾಗಿಲ ಬಳಿ ಒಬ್ಬ ರೋಗಿ ಬಿದ್ದಿದ್ದ, ಅಷ್ಟೇ. ಬಲಿಪೂಜೆಯ ಆರಂಭದಲ್ಲಿ ನಾವು ಪಾಪಗಳನ್ನು ಒಪ್ಪಿಕೊಳ್ಳುವಾಗ ಆಲೋಚನೆ, ಮಾತು, ಕ್ರಿಯೆಗಳ ಜೊತೆಗೆ ಕರ್ತವ್ಯಲೋಪವನ್ನೂ ಹೆಸರಿಸುತ್ತೇವಲ್ಲವೇ? ಧನಿಕನ ಲೆಕ್ಕವೆಲ್ಲ ಆ ಕೊನೆಯ ಪದದಲ್ಲಿದೆ.

ಈ ಸಾಮತಿಯನ್ನು ಬೆಂಗಳೂರಿನ ಅನುಕೂಲಸ್ಥರ ಬಡಾವಣೆಯೊಂದರಲ್ಲಿ ನಿಂತು ಓದೋಣ. ಕೋರಮಂಗಲವನ್ನೇ ತೆಗೆದುಕೊಳ್ಳಿ. ಮರಗಳ ನೆರಳಿನ ಅಡ್ಡರಸ್ತೆಗಳು, ಅಲ್ಲಲ್ಲಿ ಉದ್ಯಾನಗಳು, ಒಳ್ಳೆಯ ಶಾಲೆಗಳು, ನಮ್ಮ ಧರ್ಮಸಭೆಯೇ 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು. ಬೆಳಿಗ್ಗೆ ವಾಕಿಂಗ್ ಹೊರಟ ಹಿರಿಯರು, ಕಾರು ಒರೆಸುವ ಹುಡುಗರು. ಇಲ್ಲಿ ಬದುಕು ಒಂದು ಹದಕ್ಕೆ ಬಂದು ನಿಂತಂತೆ ಕಾಣುತ್ತದೆ. ಆದರೆ ಅದೇ ಬಡಾವಣೆಯ ಮಗ್ಗುಲಲ್ಲೇ ರಾಜೇಂದ್ರನಗರದ ಕೊಳಗೇರಿಯಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾಗ್ರಾಮದ ಫ್ಲ್ಯಾಟುಗಳಿಂದ ಕೂಗಳತೆಯಲ್ಲಿ ಈಜಿಪುರದ ಬಡವರ ವಸತಿ ಸಮುಚ್ಚಯವಿತ್ತು. ಆ ಕಟ್ಟಡಗಳು ಶಿಥಿಲವಾದ ಮೇಲೆ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ದಿನ ದೂಡುತ್ತಿದ್ದ ಸಾವಿರಕ್ಕೂ ಮೀರಿದ ಕುಟುಂಬಗಳನ್ನು 2013ರ ಜನವರಿಯ ಚಳಿಯಲ್ಲಿ ಎಬ್ಬಿಸಲಾಯಿತು. ಅವರಲ್ಲಿ ಎಷ್ಟೋ ಹೆಂಗಸರು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋದರು? ಅಕ್ಕಪಕ್ಕದ ಮನೆಗಳಿಗೆ, ಪಾತ್ರೆ ತೊಳೆಯಲು. ಕೆಲಸ ತಪ್ಪಿಸಿದರೆ ಸಂಬಳ ಹಿಡಿಯುತ್ತಾರಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಒಳ್ಳೆಯ ಮನೆ ಕಟ್ಟಿಕೊಂಡವರೆಲ್ಲ ನರಕಕ್ಕೆ ಹೋಗುತ್ತಾರೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಹಾರೋಬೆಲೆ, ದೋರನಹಳ್ಳಿಗಳಂಥ ಊರುಗಳಿಂದ ಬಂದು, ಓದಿ, ನೌಕರಿ ಹಿಡಿದು, ಸಾಲ ತೀರಿಸಿ, ನಿವೃತ್ತಿಯ ಹೊತ್ತಿಗೆ ಸ್ವಂತ ಸೂರು ಕಂಡ ನಮ್ಮ ಕುಟುಂಬಗಳ ಬೆವರನ್ನು ನಾನು ಹಗುರವಾಗಿ ಕಾಣಲಾರೆ. ಸಂತ ಅಗಸ್ಟೀನರು ಈ ಸಾಮತಿಯಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದರು. ಸತ್ತ ಲಾಜರನನ್ನು ದೇವದೂತರು ಕೊಂಡೊಯ್ದದ್ದು ಯಾರ ಮಡಿಲಿಗೆ? ಅಬ್ರಹಾಮನ ಮಡಿಲಿಗೆ. ಆ ಅಬ್ರಹಾಮನೋ ದನಕರು, ಬೆಳ್ಳಿ ಬಂಗಾರಗಳಿಂದ ತುಂಬಿದ ಶ್ರೀಮಂತ (ಆದಿಕಾಂಡ 13:2). ಬಡವನು ಹೋಗಿ ಸೇರಿದ್ದು ಒಬ್ಬ ಧನಿಕನನ್ನೇ! ಹಾಗಾದರೆ ಇಬ್ಬರು ಧನಿಕರ ನಡುವಿನ ವ್ಯತ್ಯಾಸವೇನು? ಆದಿಕಾಂಡದ ಹದಿನೆಂಟನೆಯ ಅಧ್ಯಾಯ ತೆರೆಯಿರಿ. ಉರಿಬಿಸಿಲಿನಲ್ಲಿ ಅಬ್ರಹಾಮನು ಗುಡಾರದ ಬಾಗಿಲಲ್ಲಿ ಕುಳಿತಿದ್ದಾನೆ. ದಾರಿಹೋಕರನ್ನು ಕಂಡೊಡನೆ ಎದ್ದು ಓಡುತ್ತಾನೆ. ಅವನೂ ಬಾಗಿಲಲ್ಲೇ ಇದ್ದ, ಆದರೆ ಹೊರಗೆ ಮುಖಮಾಡಿ.

ಸೆಮಿನರಿಯಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಆಸ್ತಿಯ ಬಗ್ಗೆ ಎರಡು ಮಾತುಗಳನ್ನು ಬೇರ್ಪಡಿಸಿ ಹೇಳುತ್ತಾರೆ. ಆಸ್ತಿಯನ್ನು ಗಳಿಸಿ, ನೋಡಿಕೊಂಡು, ನಿರ್ವಹಿಸುವ ಹಕ್ಕು ಒಬ್ಬೊಬ್ಬನಿಗೂ ಉಂಟು. ಅದು ಶಿಸ್ತಿಗೂ ಶಾಂತಿಗೂ ಅಗತ್ಯ. ಆದರೆ ಅದನ್ನು ಬಳಸುವಾಗ ‘ಇದು ನನ್ನದು ಮಾತ್ರ’ ಎಂದು ಹಿಡಿದುಕೊಳ್ಳುವಂತಿಲ್ಲ. ಅಗತ್ಯವಿದ್ದವರೊಡನೆ ಹಂಚಿಕೊಳ್ಳಲು ಮನಸ್ಸು ಸಿದ್ಧವಿರಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಎತ್ತಿಹಿಡಿಯಿತು. ಮನೆಯ ಪತ್ರ ನಿಮ್ಮ ಹೆಸರಿನಲ್ಲಿರಲಿ. ಮನೆ ಯಾರಿಗೆಲ್ಲ ತೆರೆದಿದೆ ಎಂಬುದು ಬೇರೆಯೇ ಪ್ರಶ್ನೆ.

ಈಗ ಸಾಮತಿಯ ಅತಿ ಚುಚ್ಚುವ ಭಾಗಕ್ಕೆ ಬರೋಣ. ಯೇಸುಸ್ವಾಮಿಯ ಸಾಮತಿಗಳಲ್ಲಿ ಹೆಸರು ಪಡೆದ ಪಾತ್ರ ಲಾಜರನೊಬ್ಬನೇ. ಲೋಕದಲ್ಲಿ ಹೆಸರುವಾಸಿಯಾಗಿದ್ದ ಧನಿಕನಿಗೆ ಇಲ್ಲಿ ಹೆಸರೇ ಇಲ್ಲ. ಪಾತಾಳದಲ್ಲಿ ಬಾಯಾರಿದ ಆ ಧನಿಕನು ಏನೆಂದು ಮೊರೆಯಿಡುತ್ತಾನೆ? ಲಾಜರನನ್ನು ಕಳುಹಿಸು, ನೀರು ತರಲಿ ಎನ್ನುತ್ತಾನೆ. ಅಂದರೆ ಅವನಿಗೆ ಲಾಜರನ ಹೆಸರು ಗೊತ್ತಿತ್ತು! ಇಷ್ಟು ದಿನ ದಾಟಿಕೊಂಡು ಹೋದದ್ದು ಗೊತ್ತಿಲ್ಲದೆ ಅಲ್ಲ. ಸತ್ತ ಮೇಲೂ ಅವನ ಕಣ್ಣಿಗೆ ಲಾಜರ ಒಬ್ಬ ಆಳು. ನೀರು ತಂದುಕೊಡು, ಅಣ್ಣತಮ್ಮಂದಿರ ಮನೆಗೆ ಸುದ್ದಿ ಮುಟ್ಟಿಸು! ಅವನೊಡನೆ ಮಾತನಾಡುವುದಿಲ್ಲ, ಅಬ್ರಹಾಮನ ಮೂಲಕ ಕೆಲಸ ಹೇಳಿಸುತ್ತಾನೆ. ಅವರಿಬ್ಬರ ನಡುವಿನ ಕಂದಕವನ್ನು ಹೊಸದಾಗಿ ಯಾರೂ ತೋಡಲಿಲ್ಲ. ಬದುಕಿದ್ದಾಗ ಮುಚ್ಚಿಟ್ಟ ಗೇಟು ಅಲ್ಲಿ ಕಂದಕವಾಗಿ ಕಾಣಿಸಿತು.

ನಮ್ಮ ಮನೆಯಲ್ಲಿ ಕೆಲಸ ಮಾಡುವಾಕೆಯ ಹೆಸರೂ ನಮಗೆ ಗೊತ್ತು. ಆಕೆಯ ಮಗ ಎಷ್ಟನೇ ತರಗತಿ? ಮನೆ ಬಾಡಿಗೆ ಎಷ್ಟು? ಅವಳು ಕಾಫಿ ಕುಡಿಯುವ ಲೋಟ ಬೇರೆಯೇ? ಅಪಾರ್ಟ್‌ಮೆಂಟಿನ ಯಾವ ಲಿಫ್ಟಿನಲ್ಲಿ ಹತ್ತಿ ಬರುತ್ತಾಳೆ? ಕೆಲವು ಕಡೆ ಕೆಲಸದವರಿಗೆ, ಕಸಕ್ಕೆ, ಸಾಮಾನಿಗೆ ಒಂದೇ ಲಿಫ್ಟು. ಜಾತಿಯನ್ನು ದೇವಾಲಯದ ಹೊಸ್ತಿಲಲ್ಲೇ ಬಿಟ್ಟು ಬಂದೆವೆನ್ನುವ ನಾವು ಈ ಫಲಕವನ್ನು ಓದಿ ಸುಮ್ಮನೆ ಗುಂಡಿ ಒತ್ತುತ್ತೇವೆ. ಕರ್ನಾಟಕ ಸರ್ಕಾರ ಮನೆಗೆಲಸದವರಿಗೂ ಕನಿಷ್ಠ ವೇತನ ನಿಗದಿಪಡಿಸಿದ್ದು 2004ರಲ್ಲಿ. ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದಲ್ಲಿ (24:15) ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನಿಂದಲೇ ಇದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಗೇಟುಗಳು ಮುಚ್ಚಿದಾಗ ಕೆಲವರು ಕೆಲಸವಿಲ್ಲದ ತಿಂಗಳುಗಳಲ್ಲೂ ಸಂಬಳ ತಲುಪಿಸಿದರು. ಕೆಲವರು ಫೋನು ಎತ್ತಲಿಲ್ಲ. ಯಾರು ಯಾವ ಸಾಲಿನಲ್ಲಿದ್ದೆವೆಂಬುದು ಅವರವರಿಗೇ ಗೊತ್ತು.

ಗೇಟು ಎಷ್ಟು ಗಟ್ಟಿಯೆಂಬುದೂ 2022ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಕೆರೆ ನೀರು ದುಬಾರಿ ವಿಲ್ಲಾಗಳಿಗೆ ನುಗ್ಗಿದಾಗ ಜನರು ಟ್ರ್ಯಾಕ್ಟರುಗಳಲ್ಲಿ ಕುಳಿತು ಹೊರಬಂದರು. ಕೋರಮಂಗಲದ ಎಸ್.ಟಿ. ಬೆಡ್ ಬಡಾವಣೆಗೂ ಮಳೆಗಾಲವೆಂದರೆ ಭಯ. ಅದು ಶ್ರೀನಿವಾಗಿಲು ಕೆರೆಯ ಅಂಗಳ, ಹೆಸರಿನಲ್ಲೇ ಕೆರೆಯಿದೆ. ನೀರಿಗೆ ಸೆಕ್ಯುರಿಟಿಯವನ ಪುಸ್ತಕದಲ್ಲಿ ಸಹಿ ಹಾಕಿ ಒಳಬರುವ ಅಭ್ಯಾಸವಿಲ್ಲ.

ಗುರುವಾದ ನನಗೆ ಇನ್ನೂ ಹೆಚ್ಚು ನೋವು ಕೊಡುವುದು ಭಾನುವಾರದ ದೃಶ್ಯ. ನಗರದ ಅನೇಕ ಧರ್ಮಕೇಂದ್ರಗಳಲ್ಲಿ ಮನೆಯೊಡತಿ ಇಂಗ್ಲಿಷ್ ಪೂಜೆಗೆ ಬರುತ್ತಾಳೆ. ಅವಳ ಮನೆಯಲ್ಲಿ ಕೆಲಸ ಮಾಡುವ ಕ್ರೈಸ್ತ ಹೆಣ್ಣುಮಗಳು ಅದಕ್ಕೂ ಮುಂಚೆ ಕನ್ನಡ ಅಥವಾ ತಮಿಳು ಪೂಜೆ ಮುಗಿಸಿ, ಓಡಿಹೋಗಿ ತಿಂಡಿ ಮಾಡಿಟ್ಟಿರುತ್ತಾಳೆ. (ಪೂಜೆಯ ಭಾಷೆಯ ಚರ್ಚೆಗೆ ನಾನಿಲ್ಲಿ ಕೈಹಾಕುವುದಿಲ್ಲ, ಅದಕ್ಕೆ ಒಂದು ಸಂಚಿಕೆ ಸಾಲದು.) ಇಬ್ಬರೂ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿದ್ದಾರೆ, ಆದರೆ ಒಬ್ಬರನ್ನೊಬ್ಬರು ದೇವಾಲಯದಲ್ಲಿ ನೋಡಿಯೇ ಇಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಮುಗಿಸಿ, ಕೂಲಿಯವರು ಬರುವಷ್ಟರಲ್ಲಿ ಏನೂ ಉಳಿಯದಿದ್ದಾಗ, ಇದು ಪ್ರಭುವಿನ ಭೋಜನವೇ ಅಲ್ಲ ಎಂದು ಸಂತ ಪೌಲರು ಗದರಿದರು (1 ಕೊರಿಂಥ 11:20-22). ನಮ್ಮಲ್ಲಿ ಮೊದಲು ಬರುವವರು ಕೂಲಿಯವರು. ಅಷ್ಟೇ ವ್ಯತ್ಯಾಸ.

ಗೇಟಿನ ಒಳಗೂ ಲಾಜರರಿದ್ದಾರೆ ಎಂಬುದನ್ನು ಮರೆಯಬಾರದು. ಮಕ್ಕಳು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಸಿ, ಮೂರು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿದ ತಾಯಂದಿರು. ವಾರದಲ್ಲಿ ಆ ತಾಯಿಯೊಡನೆ ಐದು ನಿಮಿಷ ಕುಳಿತು ಮಾತನಾಡುವವರು ಯಾರೆಂದು ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಉತ್ತರ ಕೆಲಸದಾಕೆಯೇ. ಅವಳು ಕಾಲು ಒತ್ತುತ್ತಾಳೆ, ಮಾತ್ರೆ ನೆನಪಿಸುತ್ತಾಳೆ, ತನ್ನ ಕಷ್ಟವನ್ನೂ ಹೇಳಿಕೊಳ್ಳುತ್ತಾಳೆ. ಪಕ್ಕದ ಫ್ಲ್ಯಾಟಿನವರು ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕುತ್ತಾರೆ. ಕಂದಕದ ಮೇಲೆ ಸೇತುವೆ ಕಟ್ಟಿದ್ದು ಅಲ್ಲಿಯೂ ಬಡವಳೇ.

ಪಾಸ್ಕ ಹಬ್ಬದ ನಂತರ ಮನೆಗಳನ್ನು ಆಶೀರ್ವದಿಸಲು ಗುರುಗಳು ಬರುತ್ತಾರೆ. ಕುಟುಂಬವೆಲ್ಲ ಹಾಲಿನಲ್ಲಿ ಮೇಣದಬತ್ತಿ ಹಚ್ಚಿ ನಿಂತಿರುತ್ತದೆ. ತೀರ್ಥ ಚಿಮುಕಿಸುತ್ತಾ ಅಡುಗೆಮನೆಗೆ ಹೋದಾಗ ಅಲ್ಲೊಬ್ಬಾಕೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಗೆ ಒತ್ತಿ ನಿಂತಿರುತ್ತಾಳೆ. ಮುಂದಿನ ಸಲ ಪ್ರಾರ್ಥನೆ ಶುರುವಾಗುವ ಮೊದಲೇ ಆಕೆಯನ್ನು ಹಾಲಿಗೆ ಕರೆಯಿರಿ. ಬೇರೆ ಧರ್ಮದವಳಾದರೆ, ಬರುವುದೂ ಬಿಡುವುದೂ ಅವಳಿಷ್ಟ. ಆಮೇಲೆ ಗುರುಗಳಿಗೆ ಕಾಫಿ ಕೊಡುವಾಗ ಅವಳಿಗೂ ಕುರ್ಚಿ ಹಾಕಿ, ಅದೇ ತಟ್ಟೆಯಿಂದ ಒಂದು ಲೋಟ ಕೊಡಿ.