ಕುಡಿತಕ್ಕೆ ಮೈಬಣ್ಣ ಕಾರಣವೇ?



“ಆ ಜನಾನೇ ಹಾಗೆ, ಕುಡಿಯೋದು ಅವರ ರಕ್ತದಲ್ಲೇ ಇದೆ” ಎಂಬ ಮಾತು ಸಂಘದ ಸಭೆಗಳಲ್ಲೂ ಕೇಳಿಬರುತ್ತದೆ. ಇದು ಸರಿಯೇ? ಅಮೆರಿಕದ ಒಂದು ಅಧ್ಯಯನವನ್ನು ನೋಡೋಣ.

ಹಾರ್ವರ್ಡ್ ವಿಶ್ವವಿದ್ಯಾಲಯದವರು 1993ರಿಂದ 2001ರೊಳಗೆ ನಾಲ್ಕು ಸಲ, ಪ್ರತಿ ಸಲವೂ ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ, ವಿದ್ಯಾರ್ಥಿಗಳ ಕುಡಿತದ ಬಗ್ಗೆ ವಿಚಾರಿಸಿದರು. ಒಂದೇ ಸಲಕ್ಕೆ ಹುಡುಗರು 5, ಹುಡುಗಿಯರು 4 ಸಣ್ಣ ಬಾಟ್ಲಿ ಬಿಯರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ಅದನ್ನು ಅತಿಕುಡಿತ ಎಂದು ಲೆಕ್ಕ ಹಾಕಿದರು. 2001ರಲ್ಲಿ ಬಿಳಿಯ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೀಗೆ ಕುಡಿಯುವವರು. ಕಪ್ಪು ಜನಾಂಗದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಮಾತ್ರ.

ಹಾಗಾದರೆ ಬಣ್ಣವೇ ಕಾರಣವೇ? ಅಲ್ಲ. ಕಪ್ಪು ಜನಾಂಗದವರು, ಏಷ್ಯಾ ಮೂಲದವರು, ಹೆಣ್ಣುಮಕ್ಕಳು ಹೆಚ್ಚಾಗಿದ್ದ ಕಾಲೇಜುಗಳಲ್ಲಿ ಬಿಳಿಯ ಹುಡುಗರೂ ಕಡಿಮೆ ಕುಡಿಯುತ್ತಿದ್ದರು. ಬಣ್ಣ ಬದಲಾಗಲಿಲ್ಲ, ಸಹವಾಸ ಬದಲಾಗಿತ್ತು.

ರಕ್ತದಲ್ಲೇ ಇದೆ ಅಂದರೆ ನಾವು ಕೈಕಟ್ಟಿ ಕೂರಬೇಕಾಗುತ್ತದೆ. ಸಹವಾಸದಿಂದ ಅಂದರೆ ಮಾಡಲು ಕೆಲಸವಿದೆ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಬರೀ ಫೀಸು ಕಳಿಸಿದರೆ ಸಾಲದು, ಅವರ ಗೆಳೆಯರ ಪರಿಚಯವೂ ನಮಗಿರಬೇಕು.

ಚರ್ಚೆಗೆ:
1. ಕುಡಿತದ ವಿಷಯದಲ್ಲಿ ನಾವು ಯಾವ ಜನರಿಗೆ ಹೆಸರಿಟ್ಟಿದ್ದೇವೆ? ಯಾಕೆ?
2. ನಮ್ಮ ಮಕ್ಕಳ ಗೆಳೆಯರು ಯಾರು? ಅವರನ್ನು ಒಮ್ಮೆಯಾದರೂ ಮನೆಗೆ ಊಟಕ್ಕೆ ಕರೆದಿದ್ದೇವೆಯೇ?